ಚಿನ್ನಿಯ ಅಪ್ಪಣೆ

ಹಲಸೂರಿನ ಜಟಕಾ ಸ್ಟ್ಯಾಂಡಿನಲ್ಲಿ ಮುನಿಆಂಜನಪ್ಪನ ಗಾಡಿ ಹೊಡೆಯುವ ಚಾಲಾಕಿನ ಮಾತು ಬಂತೆಂದರೆ, ಅದನ್ನು ಎತ್ತಿದವನು ಮುನಿಆಂಜನಪ್ಪನೇ ಆಗಿರುತ್ತಿದ್ದ. ತನ್ನ ಕುದುರೆ ಚಿನ್ನಿ ಕಣ್ಸನ್ನೆಗೇ ಓಡುತ್ತದೆಂದು ಕೊಚ್ಚಿಕೊಳ್ಳದ ದಿನವಿಲ್ಲ. ಆ ಹೆಗ್ಗಳಿಕೆ ಬಿಟ್ಟರೆ ಪಾಪ, ಅವನಿಗೆ ಬೇರೆ ಆಸ್ತಿಯೂ ಇರಲಿಲ್ಲ.

ಯುದ್ಧ ಮುಗಿದ ವರ್ಷ, ಊರೂರು ಸುತ್ತಿ ಪುಸ್ತಕ ಬರೆಯುವ ಬಿಳಿ ದೊರೆಯೊಬ್ಬ ಅವನ ಗಾಡಿ ಹತ್ತಿದ. ಕೆರೆ ಏರಿಯ ಮೇಲೆ ಚಿನ್ನಿ ಗಕ್ಕನೆ ನಿಂತಿತು. ಜಪ್ಪಯ್ಯ ಅಂದರೂ ಕದಲಲಿಲ್ಲ. ದೊರೆ ಪೆನ್ನು ತೆಗೆದ. ಕುದುರೆ ಮಾತು ಕೇಳಲಿಲ್ಲವೆಂದು ಪುಸ್ತಕದಲ್ಲಿ ಬಂದರೆ ಮಾನ ಉಳಿದೀತೇ? ಮುನಿಆಂಜನಪ್ಪ ಇಳಿದು, ಕುದುರೆಗೆ ಕೈಮುಗಿದು, ತಲೆಬಾಗಿ, ಮನೆಗೆಂದು ಕೊಂಡಿದ್ದ ಬೆಲ್ಲದಲ್ಲಿ ಚೂರು ತಿನ್ನಿಸಿದ. ಚಿನ್ನಿ ಹೊರಟಿತು.

“ಇದು ನಮ್ ಪದ್ಧತಿ, ದೊರೆ. ಕುದುರೆ ಅಪ್ಪಣೆ ಇಲ್ದೆ ನಾವು ಹೊರಡಲ್ಲ” ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ಬುರುಡೆ ಬಿಟ್ಟ.

ಮರುವರ್ಷ ಆ ಪುಸ್ತಕ ಹಿಡಿದೇ ಬಿಳಿಯರು ಬರತೊಡಗಿದರು. ಅದರಲ್ಲಿ ಅವನ ಹೆಸರಿಲ್ಲ. ಹಲಸೂರಿನ ಮುಗ್ಧ ಜನ ಕುದುರೆಯನ್ನು ಪೂಜಿಸುತ್ತಾರೆ ಎಂದಷ್ಟೇ ಇತ್ತಂತೆ. ಮುನಿಆಂಜನಪ್ಪ ಊರವರ ಬಾಡಿಗೆಯನ್ನೇ ಬಿಟ್ಟು ಬಿಳಿಯರು ಇಳಿದುಕೊಳ್ಳುವ ದೊಡ್ಡ ಹೋಟೆಲಿನ ಬಾಗಿಲಲ್ಲಿ ದಿನಾ ಪೂಜೆಗೆ ನಿಂತ. ಮಂತ್ರದಂಥ ಒಂದು ಗೊಣಗಾಟವನ್ನೂ ಸೇರಿಸಿದ. ಸಂಜೆ ಸ್ಟ್ಯಾಂಡಿಗೆ ಬಂದು, ಬಿಳಿಯರಿಗೆ ಹೇಗೆ ಟೋಪಿ ಹಾಕಿದೆನೆಂದು ಪಕ್ಕದ ಗಾಡಿಯ ವಾಜಿದನಿಗೆ ವರ್ಣಿಸುತ್ತಿದ್ದ.

ಒಂದು ಬೆಳಗ್ಗೆ ಹೆಂಡತಿ ಅಕ್ಕಯಮ್ಮ ಮಗಳ ಬಾಣಂತನಕ್ಕೆ ಹೊರಟು ಸ್ಟ್ಯಾಂಡಿನಲ್ಲೇ ಗಾಡಿ ಹತ್ತಿದಳು. ದಂಡು ಸ್ಟೇಷನ್ನಿನಲ್ಲಿ ರೈಲು ಹಿಡಿಯಬೇಕು. ಚಿನ್ನಿ ಅಲ್ಲಾಡಲಿಲ್ಲ. ಲಗಾಮು ಜಗ್ಗಿದ, ಬೈದ, ಯಾರಿಗೂ ಕಾಣದಂತೆ ಬೆಲ್ಲ ಕೊಟ್ಟ. ಬೆಲ್ಲ ತಿಂದು ಅವನ ಕೈಗಳನ್ನೇ ನೋಡುತ್ತ ನಿಂತಿತು. ಗಾಡಿಯವರೆಲ್ಲ ಸುತ್ತ ನೆರೆದರು.

“ಏನಾದ್ರೂ ಮಾಡ್ರೀ, ರೈಲು ಹೊಂಟೋಗ್ತದೆ. ಅಲ್ಲಿ ಮಗಳೊಬ್ಳೇ ಅವ್ಳೆ” ಎಂದಳು ಅಕ್ಕಯಮ್ಮ.

ಮುನಿಆಂಜನಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಳಿದು ಕೈಮುಗಿದ, ತಲೆಬಾಗಿದ. ಚಿನ್ನಿ ಇನ್ನೂ ಕಾಯುತ್ತಿತ್ತು. ಹಲ್ಲು ಕಚ್ಚಿಕೊಂಡು ಆ ಗೊಣಗಾಟವನ್ನೂ ಒಪ್ಪಿಸಿದ ಮೇಲೆಯೇ ಅದು ಕಾಲು ಎತ್ತಿದ್ದು.

“ದೊರೆ ಸುಳ್ಳು ಬರ್ದಿಲ್ಲ ಬಿಡು ಗುರು” ಎಂದ ವಾಜಿದ್.

ಓಡತೊಡಗಿದ ಗಾಡಿಗೆ ಹಾರಿ ಕೂತ ಮುನಿಆಂಜನಪ್ಪನಿಗೆ ನಗು ತಡೆಯಲಾಗಲಿಲ್ಲ.

“ಒಂದ್ ತಪ್ಪು ಬರ್ದವ್ನೆ ಕಣೋ” ಎಂದು ಹಿಂದೆ ತಿರುಗಿ ಕೂಗಿದ. “ಮುಗ್ಧ ಜನ ಅಂದವ್ನೆ, ಮುಗ್ಧ ಇರೋದು ನಾನೊಬ್ನೇ.”