ಡೊಂಕನ ಎಲುಬು

"ಬಾಯ್ಮುಚ್ಕೊಂಡು ನಿಂತ್ಕೊಳೋ ಸೋಂಬೇರಿ ನನ್ಮಗನೇ! ಕೆಮ್ಮೋ ನಾಟಕ ಬೇರೆ ಕಲ್ತಿದೀಯಾ?"

ಕಾರ್ಖಾನೆಯ ಡಾಕ್ಟರು ತಲೆಯೆತ್ತದೆಯೇ ಗದರಿದರು. ಎದುರಿಗೆ ಅಂಗಿ ಬಿಚ್ಚಿ ನಿಂತವನು ಡೊಂಕ, ಕಲ್ಲು ಪುಡಿ ಮಾಡುವ ಶೆಡ್ಡಿನಲ್ಲಿ ಹದಿನೆಂಟು ವರ್ಷ ಮೈ ಸವೆಸಿದ ಆಳು. ಹಿಂದೊಮ್ಮೆ ಚಪ್ಪಡಿ ಜಾರಿ ಎದೆಗೆ ಬಡಿದು, ಮುರಿದ ಪಕ್ಕೆಲುಬು ಸೊಟ್ಟಗೆ ಕೂಡಿಕೊಂಡಿತ್ತು. ಹೆಸರು ಅಂದಿನಿಂದ ಅಂಟಿದ್ದು.

ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. "ನೋಡು, ಕನ್ನಡಿ ಇದ್ದಂಗಿದೆ ಎದೆ. ನಾಳೆಯಿಂದ ಶೆಡ್ಡಿಗೆ ಹೋಗು."

"ನಾಲ್ಕು ಹೆಜ್ಜೆ ಇಟ್ರೆ ಉಸಿರು ಸಿಗಲ್ಲ ಸಾರ್. ಹೊರಗಿನ ಕೆಲಸ ಕೊಡಿ ಅಂತ ಒಂದು ಚೀಟಿ ಬರ್ಕೊಡಿ."

"ಎಕ್ಸ್‌ರೇ ಓದೋಕೆ ಬರುತ್ತೇನೋ ನಿಂಗೆ?"

ಬರುತ್ತಿರಲಿಲ್ಲ. ಹೋದ ವರ್ಷ ಇದೇ ಕೋಣೆಯಲ್ಲಿ ಅವನ ಅಣ್ಣನಿಗೂ ಕನ್ನಡಿ ಎಂದೇ ಹೇಳಿದ್ದರು. ಪಾಪ, ನಂಬಿ ಶೆಡ್ಡಿಗೆ ಮರಳಿದ ಅಣ್ಣ ನಾಲ್ಕೇ ತಿಂಗಳಲ್ಲಿ ಉಸಿರಿಗೆ ಬಾಯಿಬಾಯಿ ಬಿಡುತ್ತ ಸತ್ತ.

ಡೊಂಕ ಪೆಟ್ಟಿಗೆಯ ಹತ್ತಿರ ಹೋದ. ಓದು ಬಾರದಿದ್ದರೇನು, ತನ್ನ ಎಲುಬು ತನಗೆ ಗೊತ್ತಿಲ್ಲವೇ? ಎದೆಯ ಮೇಲೆ ಬೆರಳಿಟ್ಟು ಎಣಿಸಿದ, ಫಿಲ್ಮಿನ ಮೇಲೂ ಎಣಿಸಿದ. ಎಡಬಲ ತಿರುಗಿದ್ದೀತೆಂದು ಎರಡೂ ಕಡೆ ಹುಡುಕಿದ. ಎಲ್ಲ ಎಲುಬೂ ಒಂದೇ ಸಮ ಬಾಗಿದ್ದವು.

"ನನ್ನ ಸೊಟ್ಟ ಎಲುಬು ಎಲ್ಲಿ ಸಾರ್? ಮುಟ್ಟಿ ನೋಡಿ, ಇಲ್ಲಿದೆ. ಅಲ್ಲಿಲ್ಲ."

ಡಾಕ್ಟರು ಎದ್ದು ಪೆಟ್ಟಿಗೆಗೆ ಅಡ್ಡ ಬಂದರು. "ಕೆಲವು ಕಾಣ್ಸಲ್ಲ. ಕೈ ತೆಗಿಯೋ, ಗಲೀಜು ಮಾಡ್ಬೇಡ!"

ಡೊಂಕನ ಮೈಯೆಲ್ಲ ಉರಿದುಹೋಯಿತು. "ಯಾರ ಎದೆ ತೋರ್ಸಿ ನಮ್ಮಣ್ಣನ್ನ ಕೊಂದ್ಯೋ, ಕಳ್ಳ ನನ್ಮಗನೇ?"

ಫಿಲ್ಮನ್ನು ಕಿತ್ತುಕೊಂಡು ಹೊರಬಂದ. ಬಾಗಿಲಾಚೆ ಮೂವತ್ತು ಜನ ಸರದಿಗೆ ಕಾಯುತ್ತಿದ್ದರು. ಫಿಲ್ಮನ್ನು ಬಿಸಿಲಿಗೆ ಎತ್ತಿ ಹಿಡಿದ.

"ನೋಡ್ರಪ್ಪಾ, ಇದು ನಿಮ್ಮಲ್ಲಿ ಯಾರ್ದು?"

ಪುಡಿ ಜರಡಿ ಹಿಡಿಯುವ ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು. "ಅಯ್ಯೋ, ಮೂಲೆ ಹರಿದಿರೋ ಇದನ್ನೇ ನಂಗೂ ತೋರ್ಸಿದ್ನಲ್ಲೋ!"

"ನಂಗೂ ಇದೇನೇ," ಎಂದ ಅವಳ ಹಿಂದಿದ್ದವನು.

"ಈ ಎದೆಯೊಳಗೆ ಒಂದು ಚುಕ್ಕೆ ಧೂಳಿಲ್ಲ," ಎಂದಳು ಮುದುಕಿ. "ಆ ಶೆಡ್ಡಲ್ಲಿ ಒಂದು ದಿನ ದುಡಿದೋರ ಎದೆನೂ ಅಲ್ಲ ಇದು."

ಒಳಗಿನಿಂದ ಡಾಕ್ಟರು ಕೂಗಿದರು: "ಫಿಲ್ಮ್ ಕೊಡ್ರೋ! ಒಬ್ಬೊಬ್ರೇ ಬನ್ನಿ!"

ಯಾರೂ ಒಬ್ಬೊಬ್ಬರೇ ಹೋಗಲಿಲ್ಲ. ಕೆಮ್ಮುತ್ತ, ಉಗಿಯುತ್ತ, ಮೂವತ್ತು ಜನವೂ ಒಟ್ಟಿಗೇ ಒಳನುಗ್ಗಿದರು.