ಎರಡು ಬೆರಳು ಮೇಲಕ್ಕೆ

ದನದಾಸ್ಪತ್ರೆಯ ಡಾಕ್ಟರು ಕೆಂಚನ ಹಿಂಗಾಲೆತ್ತಿ ಮೆಲ್ಲಗೆ ತಿರುವಿದಾಗ ಸೊಂಟದೊಳಗಿಂದ ಲಟಕ್ಕೆಂದು ಸದ್ದು ಬಂತು. ನಾಯಿ ಕುಂಯ್ ಎನ್ನಲಿಲ್ಲ. ತಲೆಯೆತ್ತಿ ತನ್ನ ಯಜಮಾನ ಮುನಿರಾಮಯ್ಯನನ್ನೇ ನೋಡುತ್ತಿತ್ತು.

"ಹುಟ್ಟಿನಿಂದಲೇ ಕೀಲು ಸರಿಯಾಗಿ ಕೂತಿಲ್ಲ," ಎಂದರು ಡಾಕ್ಟರು. "ಕೀಲಿನ ಬಟ್ಟಲು ಆಳ ಇಲ್ಲ, ಮೂಳೆ ಗುಂಡು ಜಾರುತ್ತೆ ಅನ್ಕೊಳ್ಳಿ. ಇನ್ನೂ ಎಂಟು ತಿಂಗಳ ಮರಿ. ಮೈ ಬರೋಕೆ ಬಿಡಬೇಡಿ, ನೆಗೆಯೋಕೆ ಬಿಡಬೇಡಿ, ಕೆರೇಲಿ ಈಜಾಡಿಸಿ. ಹೇಗೋ ಬದುಕುತ್ತೆ."

"ಬರೆ ಹಾಕಿದ್ರೆ, ಸಾಮಿ?"

"ಚರ್ಮ ಸುಡುತ್ತೆ ಅಷ್ಟೇ. ಮೂಳೆಗೆ ಅದೇನು ಗೊತ್ತಾಗುತ್ತೆ?"

ಮುನಿರಾಮಯ್ಯ ಕೈಮುಗಿದು ಎದ್ದ. ಒಳಗೊಳಗೇ ನಕ್ಕ ಕೂಡ. ಕುಂಟುವ ಎತ್ತಿಗೆ ಕಾದ ಕಬ್ಬಿಣದಿಂದ ಬರೆ ಹಾಕಿಸಬೇಕೆಂದರೆ ನಾಗರಭಾವಿ, ಮಾಗಡಿ ರಸ್ತೆಯಾಚೆಯಿಂದಲೂ ಜನ ಕೆಂಗೇರಿಗೆ ಬಂದು ಕೇಳುವುದು ಅವನ ಮನೆಯನ್ನೇ. ಮೊನ್ನೆ ಓದು ಮುಗಿಸಿ ಬಂದ ಹುಡುಗ ಅವನಿಗೆ ಹೇಳಿಕೊಡುವುದೇನು? ಆದರೆ 'ಹುಟ್ಟಿನಿಂದಲೇ' ಎಂಬ ಮಾತು ಮಾತ್ರ ಮನೆಯ ತನಕ ಬೆನ್ನಿಗೇ ಬಂತು.

ಅವನ ಕೈ ಸೋತದ್ದು ಒಂದೇ ಸಲ, ಅದೂ ಹೆತ್ತ ಮಗಳ ಮೇಲೆ. ಸೀತಾ ನಡೆಯಲು ಕಲಿತಾಗಿನಿಂದ ಎಡಸೊಂಟ ವಾಲಿಸುತ್ತಿದ್ದಳು. ಐದು ತುಂಬಿದಾಗ ಮುನಿರಾಮಯ್ಯ ಅವಳಿಗೂ ಬರೆ ಹಾಕಿದ. ಕುಂಟು ಹೋಗಲಿಲ್ಲ. "ಬರೆ ಎರಡು ಬೆರಳು ಕೆಳಕ್ಕೆ ಬಿತ್ತು. ಕೂಸು ಅಲುಗಾಡಿಬಿಡ್ತು, ನಾನೇನ್ ಮಾಡ್ಲಿ?" ಎಂದು ಹನ್ನೆರಡು ವರ್ಷದಿಂದ ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದ. ನೋಡಲು ಬಂದ ಮೂರು ಗಂಡಿನವರು ಮೂರೂ ಸಲ ಕಾಫಿ ಕುಡಿದು ಎದ್ದುಹೋಗಿದ್ದರು.

ಕೆಂಚ ದಂಡಿನ ಕಡೆಯ ಯಾವನೋ ಬಿಳಿ ದೊರೆ ಊರು ಬಿಡುವಾಗ ಕೊಟ್ಟುಹೋದ ಜಾತಿನಾಯಿಯ ಮರಿ. ಬಂದಾಗ ಚೆನ್ನಾಗಿಯೇ ಇತ್ತು. ಆರು ತಿಂಗಳಾಗುವ ಹೊತ್ತಿಗೆ ಅದರ ಎಡಸೊಂಟವೂ ವಾಲತೊಡಗಿತು. ಅಂಗಳದ ಚಪ್ಪಡಿಯ ಮೇಲೆ ಟಪ್, ಸರ್ರ್, ಟಪ್, ಸರ್ರ್. ಸೀತಾಳದೇ ಹೆಜ್ಜೆ. ಹೆಂಡತಿ ವೆಂಕಟಲಕ್ಷ್ಮಮ್ಮ ಒಲೆಯ ಮುಂದೆ ಕೂತು, ತಿರುಗದೆ, "ಉಪ್ಪಿನ ಮಡಕೆ ತತ್ತಾ ಸೀತಾ" ಎಂದರೆ ನಾಯಿ ಬಂದು ನಿಂತಿರುತ್ತಿತ್ತು.

"ಸಾವಾಸ ದೋಸ ಕಣ್ ಮುನಿರಾಮಣ್ಣ! ಹುಡುಗಿ ನಡಿಗೆ ನಾಯಿಗೆ ಅಂಟ್ಕೊಂಡೈತೆ," ಎಂದು ಪಕ್ಕದ ಮನೆಯ ದೊಡ್ಡಣ್ಣ ನಕ್ಕ. ಜೊತೆಗೆ ಯಾರೂ ನಗಲಿಲ್ಲ.

ಒಂದು ಮಟಮಟ ಮಧ್ಯಾಹ್ನ ಮುನಿರಾಮಯ್ಯ ನಡುಮನೆಯಲ್ಲಿ ಅಡ್ಡಾಗಿದ್ದಾಗ ಆ ಹೆಜ್ಜೆ ಮನೆಯನ್ನು ಸುತ್ತತೊಡಗಿತು. ಹಿತ್ತಲಾಯಿತು, ಕೊಟ್ಟಿಗೆಯಾಯಿತು, ಮತ್ತೆ ಅಂಗಳ. ಮೂರು ಸುತ್ತು. ರೇಗಿ ಎದ್ದು ಹೊರಗೆ ಬಂದರೆ ಸೀತಾ ಜಗಲಿಯ ಮೇಲೆ ಗಾಢ ನಿದ್ದೆಯಲ್ಲಿದ್ದಳು. ಕೆಂಚ ಅವಳ ಕಾಲ ಬಳಿ ನಿದ್ದೆಹೋಗಿತ್ತು. ಅಂಗಳದಲ್ಲಿ ಇನ್ಯಾರೂ ಇರಲಿಲ್ಲ. ಇದಕ್ಕೊಂದು ಗತಿ ಕಾಣಿಸಲೇಬೇಕು ಎಂದುಕೊಂಡ. ನಾಯಿಯಲ್ಲಾದರೂ ಬರೆ ಸರಿಯಾಗಿ ಬಿದ್ದು ಕುಂಟು ಹೋದರೆ ತನ್ನ ಕೈ ತಪ್ಪಲಿಲ್ಲ ಎಂದಾಗುತ್ತದೆ.

ಮಾರನೆಯ ದಿನವೇ ಹಿತ್ತಲಲ್ಲಿ ಬೆರಣಿ ಒಟ್ಟಿ ಕಬ್ಬಿಣ ಕಾಯಲು ಇಟ್ಟ. ನಾಯಿಯನ್ನು ಹಿಡಿದುಕೊಳ್ಳಲು ಹೆಂಡತಿಯನ್ನು ಕರೆದ.

"ಒಂದ್ಸಲ ಹಿಡ್ಕೊಂಡಿದ್ದೇ ಸಾಕು," ಎಂದು ವೆಂಕಟಲಕ್ಷ್ಮಮ್ಮ ಕೊಡ ಎತ್ತಿಕೊಂಡು ಕೆರೆಯ ಕಡೆ ಹೊರಟೇಬಿಟ್ಟಳು.

ಬರೆ ಹಾಕುವವನಿಗೊಂದು ಕಟ್ಟುಪಾಡಿದೆ. ಕಬ್ಬಿಣ ಕೆಂಪಾಗುವವರೆಗೆ ಅವನು ಬೆಂಕಿಯನ್ನೇ ನೋಡಬೇಕು. ದನದ ಮುಖ ನೋಡಬಾರದು. ನೋಡಿದರೆ ಕರುಳು ಕರಗುತ್ತದೆ, ಕೈ ನಡುಗುತ್ತದೆ. ಮುನಿರಾಮಯ್ಯ ತನ್ನ ಹಿಂದೆ ಗೋಣಿಚೀಲ ಹಾಸಿ, ಬೆನ್ನು ತಿರುಗಿಸಿ ಕೂತ. ತುದಿ ಕೆಂಪಗಾಯಿತು.

"ಬಾ ಮಗಾ," ಎಂದ.

ಟಪ್, ಸರ್ರ್. ಹಿತ್ತಲ ಬಾಗಿಲು ದಾಟಿತು. ಟಪ್, ಸರ್ರ್. ಬೆನ್ನ ಹಿಂದೆ ಬಂದು ನಿಂತಿತು.

"ಮಲಕ್ಕೋ. ಒಂದೇ ಗಳಿಗೆ. ಆಮೇಲೆ ಎಲ್ಲಾ ಸರಿಹೋಯ್ತದೆ."

ಗೋಣಿಚೀಲ ಸದ್ದು ಮಾಡಿತು. ಕರೆದ ಕೂಡಲೇ ಬಂದು ಮಲಗಿತಲ್ಲ ಎಂದು ಅವನ ಎದೆ ಹಗುರಾಯಿತು. ಕಬ್ಬಿಣ ಹಿಡಿದು ತಿರುಗಿದ.

ಸೀತಾ ಮಲಗಿದ್ದಳು. ಎಡಮಗ್ಗುಲು ಮೇಲಕ್ಕಿತ್ತು. ಕಣ್ಣು ಮುಚ್ಚಿದ್ದವು, ಎರಡು ಕೈಯಲ್ಲೂ ಗೋಣಿಚೀಲದ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು.

"ಈ ಸಲ ಎರಡು ಬೆರಳು ಮೇಲಕ್ಕೆ ಹಾಕಪ್ಪ," ಎಂದಳು. "ನಾನು ಅಲುಗಾಡಕ್ಕಿಲ್ಲ."

ಅಂದು ಕೂಸು ಅಲುಗಾಡಿರಲಿಲ್ಲ. ಅವನೇ ಕೂಸಿನ ಮುಖ ನೋಡಿಬಿಟ್ಟಿದ್ದ. ಅದನ್ನು ಈಗ ಹೇಳಬೇಕೆಂದು ಬಾಯಿ ತೆರೆದ. "ಅವ್ವಾ" ಎಂದನಷ್ಟೇ.

ಅವಳು ಕಣ್ಣು ತೆರೆಯಲಿಲ್ಲ. ಕೆಂಚ ಬಾಗಿಲಿನಿಂದ ಇಳಿದು ಬಂದು, ಅವಳ ಬೆನ್ನಿಗೆ ಆತುಕೊಂಡು ಅದೇ ಮಗ್ಗುಲಾಗಿ ಮಲಗಿತು. ಮುನಿರಾಮಯ್ಯನ ಕೈಯಲ್ಲಿ ಕಬ್ಬಿಣದ ಕೆಂಪು ಇಳಿಯುತ್ತ ಹೋಯಿತು. ಬಿಸಿಲಲ್ಲಿ ಎರಡು ಹೊಟ್ಟೆಗಳೂ ಒಂದೇ ಸಮನೆ ಏರುತ್ತಿದ್ದವು, ಇಳಿಯುತ್ತಿದ್ದವು.