ಬಲಗಿಯ ಯಜಮಾನಿಕೆ

ಬೆಟ್ಟದಲ್ಲಿರುವುದೆಲ್ಲ ಹೆಬ್ಬಲಸಲ್ಲ. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂದು ತಿದ್ದುವವರು ಹಾಲು ಮಾರಿಕೊಂಡಿರಲಿ. ಮರ ಮಾರುವವರಿಗೆ ಇದೇ ಸರಿ. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಲ್ಲ.

ಮೂವತ್ತರ ದಶಕದಲ್ಲಿ ಮಂಗಳೂರಿನ ಬಂದರಿನ ಬಳಿ ಶೀನಪ್ಪ ಶೆಟ್ಟರ ಮರದ ಡಿಪೋ ಇತ್ತು. ಅವರ ತಂಗಿಯ ಮಗ ಚಿತ್ತರಂಜನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದ. ಬಿಡುವಿನಲ್ಲಿ ಊರಿನವರ ದನಿಗಳನ್ನು ಅನುಕರಿಸುವುದನ್ನೂ ಅಭ್ಯಾಸ ಮಾಡುತ್ತಿದ್ದ. ಮಾವನ ಆಸ್ತಿ ಅಳಿಯನಿಗೆ ಬರುವ ಅಳಿಯಸಂತಾನದ ಮನೆ; ಡಿಪೋ ಮುಳುಗಿದರೆ ಮಾವನ ಜೊತೆ ಅಳಿಯನೂ ಮುಳುಗಬೇಕು. ಮಾವನೋ ಒಳ್ಳೆ ಬೆಲೆಯ ಹೆಬ್ಬಲಸಿನ ಆಸೆಗೆ ಘಟ್ಟದ ಒಂದು ಗುಡ್ಡವನ್ನೇ ಗುತ್ತಿಗೆ ಹಿಡಿಯಲು ಹೊರಟಿದ್ದರು. ಸೋಮವಾರ ಅರಣ್ಯ ಇಲಾಖೆಯ ರೇಂಜರರ ಮುಂದೆ ರುಜು ಹಾಕಿದರೆ ಮುಗಿಯಿತು.

ಆ ಗುಡ್ಡಕ್ಕೆ ಚಿತ್ತರಂಜನ ಕಾಲೇಜಿನ ಮೇಷ್ಟರೊಂದಿಗೆ ಹೋಗಿ ಬಂದಿದ್ದ. ಅಲ್ಲಲ್ಲಿ ಹಗ್ಗದ ಚೌಕ ಕಟ್ಟಿ ಒಳಗಿನ ಮರಗಳನ್ನೆಲ್ಲ ಎಣಿಸಿದ್ದರು. ಎಲ್ಲಿ ಕಟ್ಟಿದರೂ ಬಲಗಿ, ದೊಡ್ಡ ಬಲಗಿಯ ನೆರಳಲ್ಲಿ ಮರಿ ಬಲಗಿ. ಧೂಪ, ನಾಗಸಂಪಿಗೆ, ಹೆಬ್ಬಲಸು ಎಲ್ಲ ಕರೆಯದೆ ಬಂದ ನೆಂಟರ ಹಾಗೆ ಮೂಲೆಗೊಂದು. ಕಾಡಿನ ಯಜಮಾನಿಕೆ ಬಲಗಿಯದು. ಆದರೆ ಅದು ಗರಗಸದ ಹಲ್ಲು ಮುರಿಯುವ ಮರ; ಅದನ್ನು ಕಡಿದು ಕೆಳಗಿಳಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ.

ಇದನ್ನು ಹೇಳಿದರೆ ಶೆಟ್ಟರು ಅಂಗಳದ ರಾಶಿಯತ್ತ ಕೈ ತೋರಿಸಿದರು. “ಇಷ್ಟು ವರ್ಷ ಆ ಗುಡ್ಡದಿಂದ ಬಂದದ್ದು ಎಂತ ಮಾರಾಯ? ಹೆಬ್ಬಲಸು. ನಿನ್ನ ಬಲಗಿ ಒಂದಾದರೂ ಉಂಟಾ ಇಲ್ಲಿ?”

ಇಲ್ಲದಿದ್ದರೆ ತಂದರಾಯಿತು ಎಂದುಕೊಂಡ ಚಿತ್ತರಂಜನ. ಅವನ ಮಾತಿನಂತೆ ಡಿಪೋದ ಗಾಡಿ ಹೊಡೆಯುವ ಮೊಯ್ದೀನಬ್ಬ ಆ ಗುಡ್ಡದಲ್ಲಿ ಗಾಳಿಗೆ ಬಿದ್ದಿದ್ದ ಒಂದು ಬಲಗಿಯ ದಿಮ್ಮಿ ತಂದಿಳಿಸಿದ. ಬಿಸಿಲಿಗೆ ಸೀಳದಿರಲೆಂದು ಎಲ್ಲ ದಿಮ್ಮಿಗಳ ತುದಿಗೂ ಕೆಸರು ಮೆತ್ತುವುದು ರೂಢಿ. ಇದಕ್ಕೂ ಮೆತ್ತಿದ ಮೇಲೆ ಒಳಗಿನ ಬಣ್ಣ ಯಾರಿಗೂ ಕಾಣದು. ಆದರೆ ಶೆಟ್ಟರಿಗೆ ಸುಳ್ಳು ಹೇಳಲು ಮೊಯ್ದೀನಬ್ಬ ಒಪ್ಪಲಿಲ್ಲ. ಸುಳ್ಳು ನನ್ನದಿರಲಿ, ಸ್ವರ ಮಾತ್ರ ನಿಮ್ಮದು ಎಂದು ಚಿತ್ತರಂಜನ ರಾಶಿಯ ಹಿಂದೆ ನಿಂತು ಗಾಡಿಯವನ ಗೊಗ್ಗರು ದನಿ ತೆಗೆದ. “ಶೆಟ್ರೇ, ಗುಡ್ಡದ ಹೆಬ್ಬಲಸು ಬಂತು.”

ಒಳಗೆ ವೀಳ್ಯ ಮಡಚುತ್ತಿದ್ದ ಶೆಟ್ಟರು ಕೂತಲ್ಲಿಂದಲೇ ಕೊಯ್ಯಲು ಹೇಳಿದರು.

ಮರ ಕೊಯ್ಯುವ ಲೋಕಯ್ಯ ದಿಮ್ಮಿಯ ಮೇಲೆ, ಚೆನ್ನಪ್ಪ ಕೆಳಗೆ ಹೊಂಡದಲ್ಲಿ ನಿಂತು ಗರಗಸ ಎಳೆದರು. ಬೆರಳುದ್ದ ಇಳಿಯುವಷ್ಟರಲ್ಲಿ ಅದು ಕಚ್ಚಿಕೊಂಡಿತು. ಶೆಟ್ಟರು ಹೊರಗೆ ಬಂದು ಮೊದಲು ಗರಗಸವನ್ನು, ಆಮೇಲೆ ಎಳೆದವರನ್ನು ಬೈದರು. ಬೈಯುತ್ತಲೇ ದಿಮ್ಮಿಯ ತುದಿಯ ಕೆಸರನ್ನು ಉಗುರಿನಿಂದ ಕೆರೆದು ನೋಡಿದರು. ಹೆಬ್ಬಲಸಿನ ಹಳದಿ ಇಲ್ಲ, ಕಡುಗೆಂಪು.

“ಇದು ಎಂತ ಮರ?”

“ಬಲಗಿ, ಮಾವ. ಕೊಯ್ಯಲಿಕ್ಕೆ ಆಗುವುದನ್ನು ಮಾತ್ರ ನಾವು ಇಳಿಸಿದ್ದು. ಆಗದ್ದು ಅಲ್ಲೇ ನಿಂತುಂಟು. ಸೋಮವಾರ ನೀವು ಹಿಡಿಯುವುದು ಅದನ್ನೇ.”

ಶೆಟ್ಟರು ದಿಮ್ಮಿಯ ಮೇಲೆಯೇ ಕುಳಿತರು. ತಮ್ಮನ್ನು ಕರೆದವನು ಅವನೇ ಎಂದು ಮೊಯ್ದೀನಬ್ಬನತ್ತ ನೋಡಿದರು. ಅವನು ಅಳಿಯನತ್ತ ಬೆರಳು ತೋರಿಸಿದ.

“ಗುಡ್ಡ ಬೇಡ ಅಂದರೆ ರೇಂಜರ್ರು ಎಂತ ಹೇಳಿಯಾರು?” ಎಂದರು ಶೆಟ್ಟರು ಕೊನೆಗೆ.

ಚಿತ್ತರಂಜನ ರೇಂಜರರ ಹಾಗೆ ಹೊಟ್ಟೆ ಮುಂದೆ ಮಾಡಿ, ಮೂಗಿನಲ್ಲಿ ಮಾತು ತಂದ. “ಬೇಡವಾ ಶೆಟ್ರೇ? ಎಷ್ಟು ಒಳ್ಳೆಯ ಹೆಬ್ಬಲಸು ಉಂಟು ಅಲ್ಲಿ. ನಾನೇ ಕಣ್ಣಾರೆ ನೋಡಿದ್ದೇನೆ, ನಿಮ್ಮ ಡಿಪೋದಲ್ಲಿ.”

ಲೋಕಯ್ಯ ಹೆಗಲ ಮೇಲಿನ ಬೈರಾಸಿನಲ್ಲಿ ಬಾಯಿ ಮುಚ್ಚಿಕೊಂಡ. ಕೆಳಗಿನಿಂದ ಚೆನ್ನಪ್ಪ ಕಿಸಕ್ಕೆಂದ. ಆದರೆ ವೀಳ್ಯದ ಬಾಯಿ ತೆರೆದು ಶೆಟ್ಟರು ನಕ್ಕ ನಗು ಮಾತ್ರ ಬಂದರಿನ ಧಕ್ಕೆಯ ದೋಣಿಯವರು ತಿರುಗಿ ನೋಡುವಷ್ಟು ಜೋರಾಗಿತ್ತು.